ಮ್ಯಾಂಟಲ್ ಮೊದಲೋ, ಕೊನೆಗೋ?

ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ಹೊರತಂದ ಬೇಸ್‌ಬಾಲ್ ಆಟಗಾರರ ಚಿತ್ರಕಾರ್ಡುಗಳ ಸರಣಿಯಲ್ಲಿ ಒಟ್ಟು 407 ಕಾರ್ಡುಗಳು. ಪೂರ್ತಿ ಕೂಡಿಸಲು ಹೊರಟವರಿಗೆ 310ರವರೆಗಿನ ದಾರಿಯೇ ಬೇರೆ, ಅಲ್ಲಿಂದಾಚೆಗಿನದೇ ಬೇರೆ.

311ರಿಂದ ಮುಂದಿನವು ಅಂಗಡಿಗೆ ಬಂದದ್ದು ಆಟದ ಋತು ಮುಗಿಯುತ್ತ ಬಂದಾಗ. ಕೊಳ್ಳುವ ಹುಡುಗರೇ ಕಡಿಮೆ. ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದದ್ದಾಗಿ ಆ ಕಾರ್ಡುಗಳನ್ನು ರೂಪಿಸಿದ ಸೈ ಬರ್ಗರ್ ಹೇಳುತ್ತಿದ್ದರು. 311ನೆಯದೇ ಮಿಕಿ ಮ್ಯಾಂಟಲ್. ಅದರ ಒಂದು ಪ್ರತಿ 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು.

ಹಾಗಾಗಿ ಕೆಲವರು ಕಷ್ಟದ್ದನ್ನೇ ಮೊದಲು ಕೊಳ್ಳುತ್ತಾರೆ. ಇದು ಜಾಣತನವೇ ಸರಿ. ಸುಲಭದವನ್ನೆಲ್ಲ ಮುಗಿಸಿ ಮ್ಯಾಂಟಲ್ ಎದುರು ಕೈಚೆಲ್ಲಿ ಕೂತವರು ಬಹಳ. ಇನ್ನು ಕೆಲವರು ಹಳೆಯ ಸಂಗ್ರಹವೊಂದನ್ನು ಸಗಟಾಗಿ ಕೊಂಡು, ಎರಡೆರಡಿದ್ದವನ್ನು ಮಾರಿ, ಬಂದ ಹಣವನ್ನು ಇಲ್ಲದವಕ್ಕೆ ಹಾಕುತ್ತಾರೆ.

ಎಲ್ಲಕ್ಕಿಂತ ಮುಖ್ಯ, ಎಂಥ ಸ್ಥಿತಿಯ ಕಾರ್ಡು ಸಾಕು ಎಂಬುದನ್ನು ಮೊದಲೇ ನಿರ್ಧರಿಸುವುದು. ಒಂದನೇ ನಂಬರಿನ ಆ್ಯಂಡಿ ಪಾಫ್ಕೊನನ್ನೇ ನೋಡಿ. ಹುಡುಗರು ನಂಬರಿನಂತೆ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದಾಗ ಕಟ್ಟಿನ ಮೇಲಿರುತ್ತಿದ್ದವನು ಅವನೇ. ಮೂಲೆ ಸವೆದು, ಅಂಚು ಕಚ್ಚಿಹೋದ ಪಾಫ್ಕೊ ಸಿಗುತ್ತಾನೆ. ಚೊಕ್ಕಟವಾದವನು ತೀರಾ ಅಪರೂಪ, ಬೆಲೆಯೂ ಹಾಗೆಯೇ. ಮುಖ ಸ್ಪಷ್ಟವಾಗಿದ್ದರೆ ಒಂದು ಮಡಿಕೆಯನ್ನು ಒಪ್ಪಿಕೊಳ್ಳುವವರಿಗೆ ಸರಣಿ ಕೈಗೆಟಕುತ್ತದೆ.

ಮೊದಲ 80 ಕಾರ್ಡುಗಳ ಹಿಂಬದಿ ಕಪ್ಪು, ಕೆಂಪು ಎರಡೂ ಬಣ್ಣದಲ್ಲಿ ಅಚ್ಚಾಗಿದೆ. ಎರಡೂ ಬೇಕೆನ್ನುವವರ ಪಟ್ಟಿ 487ಕ್ಕೆ ಏರುತ್ತದೆ.