ಮುಂದಿನ ಗಾಜು: ಏಜೆನ್ಸಿಯದ್ದಾ, ಕಮರ್ಷಿಯಲ್ ಸಾಕಾ?

(ನಮ್ಮ ಸಂಘದ ಸದಸ್ಯರಿಗಾಗಿ ಶಾರ್ಜಾದಲ್ಲಿ ನಡೆದ ಕೂಟದಲ್ಲಿ ಆಡಿದ ಮಾತು. ಅಚ್ಚಿಗೆ ಕೊಡುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)



ನಾನು ಭಾಷಣ ಮಾಡುವವನಲ್ಲ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾಡಿಗಳಿಗೆ ಗಾಜು ಕೂರಿಸುವ ಕೆಲಸ ನನ್ನದು, ಹದಿನಾರು ವರ್ಷ ಆಯ್ತು. ಊರಿನವರು ಯಾರು ಫೋನ್ ಮಾಡಿದರೂ ಪ್ರಶ್ನೆ ಒಂದೇ: “ಅಣ್ಣಾ, ಮುಂದಿನ ಗಾಜು ಹೋಯ್ತು. ಏಜೆನ್ಸಿಯ ಒರಿಜಿನಲ್ ಹಾಕಿಸುವುದಾ, ಕಮರ್ಷಿಯಲ್ ಸಾಕಾ?” ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಹೇಳಿ ಅಂತ ಅಧ್ಯಕ್ಷರು ಇಲ್ಲಿ ನಿಲ್ಲಿಸಿದ್ದಾರೆ.

ಗಾಜು ಹೇಗೆ ಒಡೆಯುತ್ತದೆ ಅಂತ ಇ 611 ರಸ್ತೆಯಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ಫುಜೈರಾ, ರಾಸ್ ಅಲ್ ಖೈಮಾದ ಕ್ವಾರಿಗಳಿಂದ ಜಲ್ಲಿ ಹೊತ್ತ ಲಾರಿಗಳು ಮುಂದೆ, ನಾವು ಹಿಂದೆ. ಟಕ್ ಅಂತ ಒಂದು ಸದ್ದು, ಗಾಜಿನಲ್ಲಿ ಒಂದು ಚುಕ್ಕಿ. ಆ ಚುಕ್ಕಿ ನಾಣ್ಯಕ್ಕಿಂತ ಚಿಕ್ಕದಿದ್ದು, ಡ್ರೈವರಿನ ಕಣ್ಣಿನ ನೇರಕ್ಕೆ ಇಲ್ಲದೆ, ಅಂಚಿನಿಂದ ದೂರ ಇದ್ದರೆ ಗಾಜು ಬದಲಿಸುವ ಮಾತೇ ಬೇಡ. ರೆಸಿನ್ ತುಂಬಿಸಿ ರಿಪೇರಿ ಮಾಡಬಹುದು, ಖರ್ಚೂ ಕಮ್ಮಿ. ಆದರೆ ಬೇಗ ಹೋಗಬೇಕು. ನಮ್ಮವರು ಏನು ಮಾಡುತ್ತಾರೆ ಗೊತ್ತುಂಟಾ? “ಸಂಬಳ ಆಗಲಿ” ಅಂತ ಕಾಯುತ್ತಾರೆ. ಜುಲೈ ತಿಂಗಳಿನಲ್ಲಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಗೆ ಹತ್ತಿ, ಎಸಿ ಫುಲ್ ಮಾಡಿ ಗಾಜಿಗೇ ಬಿಡುತ್ತಾರೆ. ಹೊರಗೆ ಬೆಂಕಿ, ಒಳಗೆ ಮಂಜು. ಚುಕ್ಕಿ ಇದ್ದದ್ದು ಸಂಜೆಯೊಳಗೆ ಈ ಕಡೆಯಿಂದ ಆ ಕಡೆಗೆ ಗೆರೆ ಆಗಿರುತ್ತದೆ. ಆಮೇಲೆ ಯಾವ ರೆಸಿನ್ನೂ ಇಲ್ಲ.

ಬದಲಿಸಲೇಬೇಕು ಅಂತಾದರೆ ಮೊದಲು ಈ ಗಾಜು ಏನು ಅಂತ ತಿಳಿಯಬೇಕು. ಬಾಗಿಲಿನ ಗಾಜು ಒಡೆದರೆ ಸಣ್ಣ ಸಣ್ಣ ಹರಳಾಗಿ ಉದುರುತ್ತದೆ. ಮುಂದಿನದು ಹಾಗೆ ಉದುರುವುದಿಲ್ಲ. ಅದು ಎರಡು ತೆಳು ಗಾಜಿನ ಹಾಳೆ, ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ. ಎಲ್ಲಾ ಸೇರಿ ಸುಮಾರು ಐದು ಮಿಲಿಮೀಟರ್. ಫ್ರಾನ್ಸಿನ ಎಡ್ವಾರ್ಡ್ ಬೆನೆಡಿಕ್ಟಸ್ ಎಂಬವರು 1909ರಲ್ಲಿ ಇಂಥ ಗಾಜಿಗೆ ಪೇಟೆಂಟ್ ತೆಗೆದರು. ಕೈತಪ್ಪಿ ಬಿದ್ದ ಸೀಸೆ ಒಡೆದರೂ ಚೂರುಗಳು ಚೆಲ್ಲಲಿಲ್ಲವಂತೆ, ಯಾಕೆಂದರೆ ಅದರ ಒಳಗೆ ಒಣಗಿದ ರಾಸಾಯನಿಕದ ಪದರ ಇತ್ತು. ಅಲ್ಲಿಂದ ಶುರುವಾಯಿತು ಅಂತ ಕತೆ.

ಈಗ ಒರಿಜಿನಲ್ ವಿಷಯ. ಟೊಯೋಟಾ, ನಿಸ್ಸಾನ್ ಸಾಮಾನ್ಯವಾಗಿ ಗಾಜನ್ನು ಗಾಜಿನ ಕಂಪನಿಗಳಿಂದಲೇ ತರಿಸುತ್ತವೆ. ಜಪಾನಿನ ಎಜಿಸಿ, ಫ್ರಾನ್ಸಿನ ಸೇಂಟ್ ಗೋಬೇನ್, ಇಂಗ್ಲೆಂಡಿನಲ್ಲಿ ಹುಟ್ಟಿ ಈಗ ಜಪಾನಿನವರ ಕೈಯಲ್ಲಿರುವ ಪಿಲ್ಕಿಂಗ್ಟನ್, ಚೀನಾದ ಫುಯಾವೋ, ಹೀಗೆ. ಕಾರಿನ ಲೋಗೋ ಒತ್ತಿ ಬಂದರೆ ಅದು ಏಜೆನ್ಸಿ ಗಾಜು. ಅದೇ ಗಾಜಿನ ಕಂಪನಿ ಲೋಗೋ ಇಲ್ಲದೆ ಮಾರಿದರೆ ನಮ್ಮ ಮಾರ್ಕೆಟ್ಟಿನಲ್ಲಿ ಅದಕ್ಕೆ ಕಮರ್ಷಿಯಲ್ ಅನ್ನುತ್ತಾರೆ. ತೊಂದರೆ ಏನೆಂದರೆ, ಹೆಸರೇ ಕೇಳದ ಕಾರ್ಖಾನೆಯ ಗಾಜಿಗೂ ಅದೇ ಹೆಸರು. ಹಾಗಾಗಿ “ಕಮರ್ಷಿಯಲ್ ಒಳ್ಳೆಯದಾ ಕೆಟ್ಟದಾ” ಅಂತ ಕೇಳಿದರೆ ಉತ್ತರ ಇಲ್ಲ. ಯಾರ ಕಮರ್ಷಿಯಲ್ ಅಂತ ಕೇಳಬೇಕು.

ಅದನ್ನು ನೋಡುವುದು ಸುಲಭ. ಗಾಜಿನ ಮೂಲೆಯಲ್ಲಿ ಸಣ್ಣ ಬರಹ ಉಂಟು. ತಯಾರಿಸಿದವರ ಹೆಸರು, ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ ಮತ್ತು ಒಂದು ಅಂಕಿ, ಪಕ್ಕದಲ್ಲಿ 43ಆರ್ ಅಂತ. ಅದು ಯುರೋಪಿನ ಸುರಕ್ಷತಾ ನಿಯಮಕ್ಕೆ ಒಪ್ಪಿಗೆ ಸಿಕ್ಕಿದ ಗುರುತು. ಅಂಕಿ ಒಪ್ಪಿಗೆ ಕೊಟ್ಟ ದೇಶದ್ದು, 1 ಅಂದರೆ ಜರ್ಮನಿ, 2 ಅಂದರೆ ಫ್ರಾನ್ಸ್. ಅಮೆರಿಕದ ಗುರುತು ಬೇಕಾದರೆ ಡಿಒಟಿ ಅಂತ ಇರುತ್ತದೆ. ಯಾವ ಗುರುತೂ ಇಲ್ಲದ ಗಾಜು ಎಷ್ಟೇ ಅಗ್ಗವಾದರೂ ಬೇಡ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳುವಾಗಲೂ ಈ ಮೂಲೆ ನೋಡಿ. ಬಾಗಿಲುಗಳದ್ದೆಲ್ಲ ಒಂದು ಕಂಪನಿ, ಮುಂದಿನದು ಬೇರೆ ಕಂಪನಿ ಅಂತಿದ್ದರೆ ಬದಲಿಸಿರುವ ಸಾಧ್ಯತೆ ಹೆಚ್ಚು. ಯಾಕೆ ಬದಲಾಯ್ತು ಅಂತ ಮಾರುವವರನ್ನು ಕೇಳುವ ಹಕ್ಕು ನಿಮಗುಂಟು.

ಇನ್ನು ನನ್ನ ಅಭಿಪ್ರಾಯ. ನಿಮ್ಮದು ಹಳೆಯ ಕೊರೊಲ್ಲಾ, ಹಳೆಯ ಸನ್ನಿ, ಗಾಜಿನಲ್ಲಿ ಬೇರೇನೂ ಇಲ್ಲ ಅಂದರೆ, ಹೆಸರುಳ್ಳ ಕಂಪನಿಯ ಕಮರ್ಷಿಯಲ್ ಧಾರಾಳ ಸಾಕು. ಏಜೆನ್ಸಿಗೆ ಎರಡು ಮೂರು ಪಟ್ಟು ಕೊಡುವ ದುಡ್ಡು ಊರಿಗೆ ಕಳಿಸಿ. ಇದನ್ನು ನಾನು ಕಣ್ಣುಮುಚ್ಚಿ ಹೇಳುತ್ತೇನೆ.

ಆದರೆ ಹೊಸ ಗಾಡಿಗಳ ಕತೆ ಬೇರೆ. ಕಾರಿನ ಹೊರಗೆ ನಿಂತು ಕನ್ನಡಿಯ ಹಿಂಭಾಗ ನೋಡಿ. ಕಪ್ಪು ಡಬ್ಬಿಯಲ್ಲಿ ಒಂದು ಕಣ್ಣು ಕಂಡರೆ ಅದು ಕ್ಯಾಮೆರಾ. ನೀವು ಅಂಟಿಸಿದ ಡ್ಯಾಶ್‌ಕ್ಯಾಮ್ ಅಲ್ಲ, ಕಂಪನಿಯದ್ದು. ಟೊಯೋಟಾದವರು 2015ರಿಂದ ಸೇಫ್ಟಿ ಸೆನ್ಸ್ ಅಂತ ಕೊಡಲು ಶುರುಮಾಡಿದರು, ಹೋಂಡಾದವರದ್ದು ಹೋಂಡಾ ಸೆನ್ಸಿಂಗ್. ಎದುರಿನ ಗಾಡಿಗೆ ಗುದ್ದುವ ಮೊದಲು ತಾನೇ ಬ್ರೇಕ್ ಹಾಕುವುದು, ಲೇನ್ ತಪ್ಪಿದರೆ ಎಚ್ಚರಿಸುವುದು, ಇದಕ್ಕೆಲ್ಲ ಆ ಕ್ಯಾಮೆರಾ ಬೇಕು. ಅದು ನೋಡುವುದು ಗಾಜಿನ ಮೂಲಕ. ಅದನ್ನು ಹಿಡಿದಿರುವ ಬ್ರ್ಯಾಕೆಟ್ ಅಂಟಿರುವುದೂ ಹೆಚ್ಚಾಗಿ ಗಾಜಿಗೇ. ಒಂದೇ ಒಂದು ಡಿಗ್ರಿ ವಾಲಿದರೆ ನೂರು ಮೀಟರ್ ದೂರದಲ್ಲಿ ಪೌಣೆ ಎರಡು ಮೀಟರ್ ವ್ಯತ್ಯಾಸ, ಹತ್ತಿರ ಹತ್ತಿರ ಅರ್ಧ ಲೇನ್. ಅದಕ್ಕೇ ಗಾಜು ಬದಲಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು. ಅದಕ್ಕೆ ಕ್ಯಾಲಿಬ್ರೇಶನ್ ಅನ್ನುತ್ತಾರೆ. ಕೆಲವು ಗಾಡಿಗಳಿಗೆ ಎದುರು ಅಳತೆ ಹಿಡಿದು ಬೋರ್ಡ್ ನಿಲ್ಲಿಸಿ ಮಾಡುತ್ತಾರೆ, ಕೆಲವನ್ನು ಕಂಪ್ಯೂಟರ್ ಜೋಡಿಸಿ ರಸ್ತೆಯಲ್ಲಿ ಓಡಿಸಿ ಮಾಡುತ್ತಾರೆ, ಕೆಲವಕ್ಕೆ ಎರಡೂ ಬೇಕು.

ನಮ್ಮ ಕಡೆಯ ಒಬ್ಬ ಡ್ರೈವರ್ ತಮ್ಮನ ಗಾಡಿ ನನ್ನ ಹತ್ತಿರ ಬಂದಿತ್ತು. ಬೇರೊಂದು ಕಡೆ ಅಗ್ಗಕ್ಕೆ ಗಾಜು ಹಾಕಿಸಿದ್ದ. ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟೂ ಇಲ್ಲ, ಎಲ್ಲಾ ಸರಿ ಅಂತ ಅವನ ಲೆಕ್ಕ. ಆದರೆ ಲೇನಿನ ನಡುವೆ ಹೋಗುವಾಗಲೂ ಪೀಂ ಪೀಂ ಅಂತ ಎಚ್ಚರಿಕೆ, ತಲೆಬೇನೆ ಅಂತ ಅದನ್ನು ಆಫ್ ಮಾಡಿ ಇಟ್ಟಿದ್ದ. ಕ್ಯಾಲಿಬ್ರೇಶನ್ ಮಾಡಲು ಹೋದರೆ ಅದು ಮುಗಿಯುವುದೇ ಇಲ್ಲ, ಮೂರು ಸಲವೂ ಫೇಲ್. ಅಳೆದು ನೋಡಿದರೆ ಆ ಗಾಜಿನ ಬ್ರ್ಯಾಕೆಟ್ಟೇ ಓರೆ. ಕೊನೆಗೆ ಎರಡನೇ ಗಾಜು, ಎರಡನೇ ಕೂಲಿ. ಉಳಿಸಿದ್ದಕ್ಕಿಂತ ಹೆಚ್ಚು ಹೋಯ್ತು. ಅದಿರಲಿ ಮಾರಾಯ್ರೆ, ಅವನು ದಿನಾ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಹೋಗುವವನು. ತುರ್ತಿಗೆ ಬ್ರೇಕ್ ಹಾಕುವುದೂ ಅದೇ ಕ್ಯಾಮೆರಾವನ್ನು ನಂಬಿ.

ಹಾಗಾಗಿ ಕ್ಯಾಮೆರಾ ಇದ್ದರೆ ಏಜೆನ್ಸಿ ಗಾಜು, ಅಥವಾ ನಿಮ್ಮ ಗಾಡಿಗೆ ಗಾಜು ಕೊಟ್ಟ ಅದೇ ಕಂಪನಿಯ, ನಿಮ್ಮ ಮಾದರಿಗೇ ಆದ ಗಾಜು. ಒಂದೇ ಕಾರಿಗೆ ನಾಲ್ಕೈದು ಬಗೆಯ ಗಾಜು ಇರಬಹುದು, ಮುಲ್ಕಿಯಾದಲ್ಲಿರುವ ಚಾಸಿ ನಂಬರ್ ಕೊಟ್ಟು ಹುಡುಕಿಸಿ. ಕ್ಯಾಲಿಬ್ರೇಶನ್ ಬಿಲ್ಲಿನಲ್ಲಿ ಬರೆಸಿ, ಅದರ ರಿಪೋರ್ಟ್ ಕೇಳಿ. “ಅದೇನೂ ಬೇಡ ಭಾಯ್, ತನ್ನಿಂದ ತಾನೇ ಸರಿಯಾಗುತ್ತೆ” ಅಂದರೆ ಆ ಅಂಗಡಿಯಿಂದ ಹೊರಗೆ ಬನ್ನಿ.

ಗಾಜಿನ ಮೇಲೆ ಸ್ಪೀಡ್ ತೋರಿಸುವ ಗಾಡಿಗಳಿಗೂ ಬೇರೆಯೇ ಗಾಜು. ಅದರ ನಡುವಿನ ಪದರ ಮೇಲೆ ದಪ್ಪ, ಕೆಳಗೆ ತೆಳು. ಸಾದಾ ಗಾಜು ಹಾಕಿದರೆ ಅಂಕಿ ಎರಡೆರಡು ಕಾಣುತ್ತದೆ. ಮಳೆ ಸೆನ್ಸರ್, ಸದ್ದು ತಡೆಯುವ ಪದರ ಇದ್ದರೂ ಮೊದಲೇ ಹೇಳಿ.

ಎಲ್ಲರೂ ಗಾಜಿನ ಬಗ್ಗೆ ಕೇಳುತ್ತಾರೆ, ಅಂಟಿನ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಏಜೆನ್ಸಿ ಗಾಜು ಕೆಟ್ಟ ಅಂಟಿನಲ್ಲಿ ಕೂತಿರುವುದಕ್ಕಿಂತ ಕಮರ್ಷಿಯಲ್ ಗಾಜು ಒಳ್ಳೆಯ ಅಂಟಿನಲ್ಲಿ ಕೂತಿರುವುದು ಮೇಲು. ಗಾಡಿ ಪಲ್ಟಿಯಾದರೆ ಚಾವಣಿಗೆ ಆಸರೆ ಆಗುವುದರಲ್ಲಿ ಈ ಗಾಜಿಗೂ ಪಾಲು ಉಂಟು. ಪಕ್ಕದ ಸೀಟಿನ ಏರ್‌ಬ್ಯಾಗ್ ಬಹಳ ಗಾಡಿಗಳಲ್ಲಿ ಮೇಲಕ್ಕೆ ಹಾರಿ ಗಾಜಿಗೆ ಒತ್ತಿಕೊಂಡೇ ಅರಳುತ್ತದೆ. ಗಾಜು ಕಿತ್ತುಬಂದರೆ ಬ್ಯಾಗೂ ಹೊರಗೆ ಹೋದ ಹಾಗೆ. ಅದಕ್ಕೆ ಗಾಡಿ ಗಾಜಿನದ್ದೇ ಯುರಿಥೇನ್ ಅಂಟು ಬೇಕು, ಬಚ್ಚಲಿಗೆ ಹಾಕುವ ಸಿಲಿಕಾನ್ ಅಲ್ಲ. ಟ್ಯೂಬಿನ ಮೇಲೆ ತಾರೀಕು ನೋಡಿ. ಹಳೆ ಗಾಜು ಕೀಳುವಾಗ ಪೇಂಟ್ ಗೀರಿದರೆ ಅಲ್ಲಿಗೆ ಪ್ರೈಮರ್ ಹಚ್ಚಲೇಬೇಕು, ಈ ಸಮುದ್ರದ ಗಾಳಿಗೆ ತುಕ್ಕು ಬೇಗ. ಎಷ್ಟು ಹೊತ್ತಿನ ನಂತರ ಓಡಿಸಬಹುದು ಅಂತ ಅಂಟಿನ ಕಂಪನಿ ಬರೆದಿರುತ್ತದೆ. ಡ್ಯೂಟಿಗೆ ಲೇಟ್ ಅಂತ ಫಿಟ್ಟರಿಗೆ ಗಡಿಬಿಡಿ ಮಾಡಬೇಡಿ, ರಜೆಯ ದಿನವೇ ಬನ್ನಿ. ಮೊದಲ ದಿನ ಕಿಟಕಿ ಒಂದು ಬೆರಳಿನಷ್ಟು ಇಳಿಸಿಡಿ, ಬಾಗಿಲು ದಡಾರನೆ ಹಾಕಬೇಡಿ, ಪ್ರೆಶರ್ ವಾಷ್ ಬೇಡ.

ಸ್ಕ್ರಾಪ್ ಗಾಡಿಯಿಂದ ಕಿತ್ತ “ಅಸಲಿ” ಗಾಜು ತಂದು ಹಾಕಿ ಅನ್ನುವವರೂ ಉಂಟು. ಅಸಲಿಯೇ ಹೌದು, ಆದರೆ ಕೀಳುವಾಗ ಅಂಚಿಗೆ ಕಾಣದ ಪೆಟ್ಟು ಬಿದ್ದಿರುತ್ತದೆ. ನಾನು ಹಾಕುವುದಿಲ್ಲ.

ಇನ್ಶೂರೆನ್ಸ್: ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಿಮ್ಮ ಗಾಜಿಗೆ ಏನೂ ಸಿಗದು. ಫುಲ್ ಇದ್ದರೆ ಪಾಲಿಸಿಯಲ್ಲಿ ಏಜೆನ್ಸಿ ರಿಪೇರಿ ಉಂಟಾ, ಕ್ಯಾಲಿಬ್ರೇಶನ್ ಸೇರಿದೆಯಾ, ಪೊಲೀಸ್ ರಿಪೋರ್ಟ್ ಬೇಕಾ ಅಂತ ಗಾಜು ಬಿಚ್ಚುವ ಮೊದಲೇ ಕೇಳಿ. ಕಂಪನಿಯ ಪಿಕಪ್ ಓಡಿಸುವವರು ಚುಕ್ಕಿ ಬಿದ್ದ ದಿನವೇ ಫೋಟೋ ತೆಗೆದು ಆಫೀಸಿಗೆ ಕಳಿಸಿ, ಆ ಮೆಸೇಜು ಇಟ್ಟುಕೊಳ್ಳಿ. ಮೂರು ತಿಂಗಳ ನಂತರ ಗೆರೆ ಬೆಳೆದಾಗ “ನೀನೇ ಒಡೆದದ್ದು” ಅಂದರೆ ತೋರಿಸಲು ಏನಾದರೂ ಬೇಕಲ್ಲ.

ಹಿಂದಿನ ಸಾಲಿನಿಂದ ಸಾಲಿಕ್ ಸ್ಟಿಕ್ಕರ್ ಬಗ್ಗೆ ಕೇಳಿದರು. ಅದನ್ನು ಕಿತ್ತು ಹೊಸ ಗಾಜಿಗೆ ಅಂಟಿಸಲು ಆಗುವುದಿಲ್ಲ, ಕೀಳುವಾಗಲೇ ಹಾಳಾಗುತ್ತದೆ. ಹೊಸ ಟ್ಯಾಗ್ ತಂದು ನಿಮ್ಮ ಅಕೌಂಟಿಗೇ ಜೋಡಿಸಿ, ಆಮೇಲೆ ಟೋಲ್ ಗೇಟಿನ ಕಡೆ ಹೋಗಿ. ಬಿಸಿಲು ತಡೆಯಲು ಲೋಹದ ಲೇಪ ಇರುವ ಗಾಜಾದರೆ ಟ್ಯಾಗ್ ಅಂಟಿಸಲು ಕನ್ನಡಿಯ ಹತ್ತಿರ ಬೇರೆ ಜಾಗ ಬಿಟ್ಟಿರುತ್ತಾರೆ, ಅಲ್ಲೇ ಹಾಕಿ.