ನೌಕರರು ಉಳಿದರೆ ಸಂಘ ಉಳಿದೀತು
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಸಂಘ ನಡೆದು ಬಂದ ದಾರಿಯ ಬಗ್ಗೆ ಹಿರಿಯರು ಆಗಲೇ ಹೇಳಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಹಸು ಕಟ್ಟಿದವನು. ಒಂದೇ ವಿಷಯ ಹೇಳಿ ಕೂತುಕೊಳ್ಳುತ್ತೇನೆ. ನಮ್ಮ ಡೇರಿಗೆ ನೌಕರರು ಬಂದಷ್ಟೇ ಬೇಗ ಬಿಟ್ಟು ಹೋಗುತ್ತಿದ್ದಾರೆ. ಇದರಿಂದ ನಷ್ಟ ಯಾರಿಗೆ ಅನ್ನೋದನ್ನ ನಾವೆಲ್ಲ ಯೋಚಿಸಬೇಕು.

1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದಲೂ ಸಹಕಾರಕ್ಕೆ ನಂಬಿಕೆಯೇ ಬಂಡವಾಳ. ಹಾಲಿನ ಸಂಘದಲ್ಲಿ ಆ ನಂಬಿಕೆ ಇರುವುದು ಹಾಲು ಪರೀಕ್ಷೆ ಮಾಡುವ ಮೇಜಿನ ಮೇಲೆ.

ನಮಗೆ ಸಿಗುವ ದರ ಜಿಡ್ಡು ಮತ್ತು ಎಸ್.ಎನ್.ಎಫ್. ಮೇಲೆ ನಿಂತಿದೆ. ಹಿಂದೆ ಜಿಡ್ಡು ನೋಡಲು 10 ಮಿ.ಲೀ. ಆಸಿಡ್, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸಬೇಕಿತ್ತು. ಈಗ ಮೆಷಿನ್ ಬಂದಿದೆ, ಯಾರು ಬೇಕಾದರೂ ಮಾಡಬಹುದು ಅಂತ ಕೆಲವರು ಹೇಳ್ತಾರೆ. ಹಾಗಲ್ಲ. ಹಾಲನ್ನು ಚೆನ್ನಾಗಿ ಕಲಸದೆ ಸ್ಯಾಂಪಲ್ ತೆಗೆದರೆ ಮೇಲಿನ ಹಾಲಿಗೆ ಜಿಡ್ಡು ಜಾಸ್ತಿ, ಕೆಳಗಿನದಕ್ಕೆ ಕಮ್ಮಿ. ಮೆಷಿನ್ ದಿನಾ ತೊಳೆಯದಿದ್ದರೆ ಅದೂ ತಪ್ಪು ತೋರಿಸುತ್ತೆ. ಪಳಗಿದ ಪರೀಕ್ಷಕನಿಗೆ ಯಾರ ಮನೆಯ ಹಾಲು ಹೇಗಿರುತ್ತೆ ಅಂತ ಗೊತ್ತು. ಏಕಾಏಕಿ ಅಂಶ ಇಳಿದರೆ, "ಅಕ್ಕಾ, ಕೆಚ್ಚಲು ಬಾವು ಇರಬಹುದು, ಡಾಕ್ಟರಿಗೆ ತೋರಿಸಿ" ಅನ್ನುತ್ತಾನೆ. ಹೊಸಬ "ನೀರು ಹಾಕಿದ್ದೀರಾ?" ಅಂತ ಕೇಳ್ತಾನೆ. ಅಲ್ಲಿಗೆ ಜಗಳ. ಆ ಅಕ್ಕ ಮಾರನೇ ದಿನ ಖಾಸಗಿಯವರ ಕ್ಯಾನಿಗೆ ಹಾಲು ಹಾಕ್ತಾರೆ.

ಕಾರ್ಯದರ್ಶಿ ಬದಲಾದರೂ ಇದೇ ಪಾಡು. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಸರ್ಕಾರದ ಪ್ರೋತ್ಸಾಹಧನ ನಮ್ಮ ಖಾತೆಗೆ ಬರಬೇಕಾದರೆ, ಹಾಕಿದ ಹಾಲಿನ ಲೆಕ್ಕ, ಬ್ಯಾಂಕ್ ಖಾತೆ ನಂಬರ್ ಎಲ್ಲ ಸರಿಯಾಗಿ ಹೋಗಬೇಕು. ಒಂದು ಅಂಕಿ ತಪ್ಪಿದರೂ ಹಣ ತಡೆಯುತ್ತೆ. ಆಡಿಟ್ ಬಂದಾಗ ಹಳಬರು ಏನನ್ನು ಎಲ್ಲಿ ಬರೆದಿದ್ದರು ಅಂತ ಹುಡುಕೋದರಲ್ಲೇ ದಿನ ಹೋಗುತ್ತೆ. ಈ ನಷ್ಟ ಯಾವ ಜಮಾ-ಖರ್ಚಿನಲ್ಲೂ ಕಾಣೋಲ್ಲ. ಆದರೆ ಹೋಗೋದು ನಮ್ಮ ಜೇಬಿನಿಂದಲೇ.

ಅವರು ಯಾಕೆ ಬಿಡ್ತಾರೆ? ಬೆಳಗಿನ ಜಾವ ಬಾಗಿಲು ತೆಗೀಬೇಕು, ಸಂಜೆ ಮತ್ತೆ ಬರಬೇಕು. ಹಸುವಿಗೆ ಭಾನುವಾರ ಇಲ್ಲ, ಯುಗಾದಿ ಇಲ್ಲ, ಅವರಿಗೂ ಇಲ್ಲ. ಸಂಬಳ ಮಾತ್ರ ಅರೆಕಾಲಿಕ ಕೆಲಸದ್ದು. ಕೆಲಸ ಕಲಿತ ಹುಡುಗ ಕಾರ್ಖಾನೆ ಸೇರಿದರೆ ಅವನನ್ನು ಬೈಯೋದು ನ್ಯಾಯವಲ್ಲ.

ಆದ್ದರಿಂದ ನನ್ನದು ಮೂರು ಸಲಹೆ. ಒಂದು, ಬೋನಸ್ ಎಷ್ಟು ಅಂತ ಮಾತ್ರ ಕೇಳದೆ, ನಮ್ಮ ಪಾಲು ಸ್ವಲ್ಪ ಕಮ್ಮಿಯಾದರೂ ಸರಿ, ನೌಕರರ ಸಂಬಳ ಹೆಚ್ಚಿಸಲು ಮಹಾಸಭೆಯಲ್ಲಿ ಕೈ ಎತ್ತಬೇಕು. ಎರಡು, ಅವರಿಗೆ ವಾರಕ್ಕೊಂದು ರಜೆ ಬೇಕು. ಅದಕ್ಕಾಗಿ ಊರಿನ ಇನ್ನೊಬ್ಬ ಹುಡುಗನಿಗೋ ಹುಡುಗಿಗೋ ಪರೀಕ್ಷೆಯ ಕೆಲಸ ಕಲಿಸಿರಬೇಕು. ಮೂರು, ಬಿಟ್ಟು ಹೋಗುವವರು ಹದಿನೈದು ದಿನ ಹೊಸಬರ ಜೊತೆ ಇದ್ದು, ಪುಸ್ತಕ, ಬಾಕಿ ಎಲ್ಲ ಒಪ್ಪಿಸಿ ಹೋಗುವ ನಿಯಮ ಮಾಡಬೇಕು.

ಹಿಂಡಿ-ಬೂಸಾ ಇಡದೆ ಹಾಲು ಕೊಡು ಅಂದರೆ ಹಸುವೇ ಕೊಡೋಲ್ಲ. ಮನುಷ್ಯ ಎಷ್ಟು ದಿನ ಕೊಟ್ಟಾನು? ಜೈ ಸಹಕಾರ.