ಹಳೆಯ ಸೈಕಲ್ಲಿನ ಜಾತಕ

ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಳುವವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಂಟು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ಸಂತೆಯಲ್ಲಿ ತುಟಿಯೆತ್ತಿ ನೋಡಿಯೇ ಬೆಲೆ ಕಟ್ಟುತ್ತಾರೆ. ಆದರೆ ಅದೇ ಮನೆಯ ಹಿತ್ತಲ ಗೋಡೆಗೆ ಒರಗಿಸಿಟ್ಟ ಅಜ್ಜನ ಸೈಕಲ್ಲಿನ ವಯಸ್ಸೆಷ್ಟೆಂದು ಕೇಳಿ ನೋಡಿ. "ಭಾಳ ಹಳೇದ್ರೀ, ಲಂಡನ್ನಿಂದು" ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದು ಅಪರೂಪ.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ಗುಜರಿಯವನು ತಕ್ಕಡಿ ಹಿಡಿದು ಬಾಗಿಲಿಗೆ ಬಂದ ದಿನ ಇದು ದೊಡ್ಡ ವಿಷಯವೇ ಆಗುತ್ತದೆ. ಎಪ್ಪತ್ತು ಎಂಬತ್ತು ವರ್ಷ ಮನೆಯವರನ್ನು ಹೊತ್ತ ಯಂತ್ರ ಅಂದು ಕಬ್ಬಿಣದ ದರಕ್ಕೆ ಹೋಗುತ್ತದೆ. ಇತ್ತ ಪಟ್ಟಣದಲ್ಲಿ ಸಾಧಾರಣ ಸೈಕಲ್ಲಿಗೆ ಹೊಸ ಬಣ್ಣ ಬಳಿದು, ಪರದೇಶದ ಬಿಲ್ಲೆಯೊಂದನ್ನು ಹಣೆಗೆ ಹಚ್ಚಿ, ಹಲವು ಪಟ್ಟು ಬೆಲೆಗೆ ಮಾರುವುದೂ ಉಂಟು. ಕಳೆದುಕೊಳ್ಳುವವನೂ ಮೋಸಹೋಗುವವನೂ ಕೆಡುವುದು ಒಂದೇ ಕಾರಣಕ್ಕೆ. ಇಬ್ಬರಿಗೂ ಸೈಕಲ್ಲನ್ನು ಓದಲು ಬಾರದು. ಆ ಓದು ಕಷ್ಟದ್ದಲ್ಲ. ಒಂದು ಅಳತೆಪಟ್ಟಿ, ಸ್ವಲ್ಪ ಸೀಮೆಎಣ್ಣೆ, ಮೆತ್ತನೆಯ ಬಟ್ಟೆ ಮತ್ತು ತಾಳ್ಮೆ ಇದ್ದರೆ ಸಾಕು.

ತುಂಗಭದ್ರೆಯ ದಂಡೆಯ ದಢೇಸುಗೂರಿನಂಥ ಊರನ್ನೇ ತೆಗೆದುಕೊಳ್ಳೋಣ. ಅಲ್ಲಿ ಹಿರಿಯರು ಕಾಲವನ್ನು ಇಸವಿಯಿಂದ ಎಣಿಸುವುದಕ್ಕಿಂತ ಸಂಗತಿಗಳಿಂದ ಎಣಿಸುವುದೇ ಹೆಚ್ಚು. "ರಜಾಕಾರರ ಗಲಾಟೆಯಲ್ಲಿ ಅಪ್ಪ ಈ ಸೈಕಲ್ ಮೇಲೇ ಹೊಳೆ ದಂಡೆಗೆ ಬಂದದ್ದು" ಎಂದು ಒಬ್ಬರು ಹೇಳಿದರೆ, ಅದು ೧೯೪೭-೪೮ರ ಮಾತಾಯಿತು. "ಕಾಲುವೆ ಬಂದ ವರ್ಷ ಕೊಂಡದ್ದು" ಎಂದರೆ ಸ್ವಲ್ಪ ನಿಧಾನಿಸಬೇಕು. ತುಂಗಭದ್ರಾ ಅಣೆಕಟ್ಟಿನಿಂದ ಮೊದಲು ನೀರು ಬಿಟ್ಟದ್ದು ೧೯೫೩ರಲ್ಲಾದರೂ ಎಡದಂಡೆ ಕಾಲುವೆ ಎಲ್ಲ ಊರುಗಳನ್ನೂ ಅದೇ ವರ್ಷ ಮುಟ್ಟಲಿಲ್ಲ.

ಇಂಥ ಮಾತುಗಳನ್ನು ಕಾರ್ಖಾನೆಗಳ ಹುಟ್ಟಿದ ವರ್ಷದೊಡನೆ ಹೊಂದಿಸಿ ನೋಡುವುದು ಮೊದಲ ಪರೀಕ್ಷೆ. ಮದರಾಸಿನ ಬಳಿಯ ಅಂಬತ್ತೂರಿನ ಟಿ.ಐ. ಸೈಕಲ್ಸ್ ಸ್ಥಾಪನೆಯಾದದ್ದು ೧೯೪೯ರಲ್ಲಿ. ಹರ್ಕ್ಯುಲಿಸ್ ಸೈಕಲ್ಲು ಅಲ್ಲಿಂದ ಹೊರಬರತೊಡಗಿದ್ದು ಅದಾದ ಮೇಲೆ. ಸೋನೆಪತ್ತಿನ ಅಟ್ಲಾಸ್ ೧೯೫೧ರದು, ಲೂಧಿಯಾನದ ಹೀರೋ ೧೯೫೬ರದು. ಹಾಗಿದ್ದಮೇಲೆ ರಜಾಕಾರರ ಕಾಲದಲ್ಲಿ ಅಪ್ಪ ಹತ್ತಿದ ಸೈಕಲ್ಲು ಹೀರೋ ಆಗಿರಲಾರದು. ಹಾಗೆಂದು ಅಪ್ಪ ಸುಳ್ಳು ಹೇಳಿದರೆಂದು ತೀರ್ಮಾನಿಸಬೇಡಿ. ಅವರು ಹತ್ತಿದ್ದು ಬೇರೊಂದು ಸೈಕಲ್ಲು. ಅದು ಸವೆದುಹೋದ ಮೇಲೆ ನೆನಪು ಮಾತ್ರ ಹಳೆಯ ಸೀಟಿನಿಂದಿಳಿದು ಹೊಸ ಸೈಕಲ್ಲಿನ ಮೇಲೆ ಕುಳಿತಿತು. ಮನೆತನದ ಕಥೆಯೂ ನಿಜ, ಕಬ್ಬಿಣದ ಸಾಕ್ಷ್ಯವೂ ನಿಜ. ಎರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಂಡರೆ ಯಾವುದಕ್ಕೂ ಅನ್ಯಾಯವಾಗದು.

ಎರಡನೆಯದು ಹಣೆಬಿಲ್ಲೆ. ಎಲ್ಲರ ಕಣ್ಣೂ ಮೊದಲು ಹೋಗುವುದು ಅಲ್ಲಿಗೇ. ಆದರೆ ನಂಬಬೇಕಾದದ್ದು ಅದನ್ನು ಕಟ್ಟಕಡೆಗೆ, ಏಕೆಂದರೆ ಬಿಲ್ಲೆಯನ್ನು ಎರಡು ಮೊಳೆಯಲ್ಲಿ ಬದಲಾಯಿಸಬಹುದು. ಬಿಲ್ಲೆ ಅಸಲಿಯಾಗಿದ್ದರೂ ತೊಡಕು ತಪ್ಪಿದ್ದಲ್ಲ. ರ್‍ಯಾಲಿ ಸೈಕಲ್ಲಿನ ಗುರುತು ಬಕಪಕ್ಷಿಯ ತಲೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ರ್‍ಯಾಲಿಗೂ ಬಂಗಾಳದ ಆಸನ್‌ಸೋಲಿನಲ್ಲಿ ತಯಾರಾದ ಸೆನ್-ರ್‍ಯಾಲಿಗೂ ಅದೇ ಪಕ್ಷಿಯೇ ಹಣೆಯ ಲಾಂಛನ. ಆದ್ದರಿಂದ ಪಕ್ಷಿಯನ್ನು ನೋಡಿ ಹಿಗ್ಗದೆ ಅದರ ಸುತ್ತಲಿನ ಸಣ್ಣ ಅಕ್ಷರಗಳನ್ನು ಓದಿ. ಊರಿನ ಹೆಸರು ಅಲ್ಲಿರುತ್ತದೆ. ಅಂತೆಯೇ ಬಿ.ಎಸ್.ಎ.ಯ ಮೂರು ಬಂದೂಕುಗಳ ಗುರುತು ಬರ್ಮಿಂಗ್‌ಹ್ಯಾಮಿನದು. ಅದು ಮೂಲತಃ ಬಂದೂಕು ಮಾಡುತ್ತಿದ್ದ ಸಂಸ್ಥೆ. ೧೯೫೭ರಲ್ಲಿ ಅದರ ಸೈಕಲ್ ವ್ಯಾಪಾರ ರ್‍ಯಾಲಿಯವರ ಕೈಸೇರಿತು. ಮುಂದೆ ಬಿ.ಎಸ್.ಎ. ಎಂಬ ಹೆಸರಿನ ಸೈಕಲ್ಲುಗಳು ಅಂಬತ್ತೂರಿನಿಂದಲೂ ಬಂದವು. ಹೆಸರು ಒಂದೇ, ಹುಟ್ಟಿದ ಊರು ಎರಡು.

ಬಿಲ್ಲೆಯ ನಂತರ, ಯಾರೂ ಬದಲಾಯಿಸಲು ಮನಸ್ಸು ಮಾಡದ ಭಾಗಗಳ ಕಡೆ ತಿರುಗಿ. ಟೈರು, ಟ್ಯೂಬು, ಚೈನು, ಪೆಡಲು, ಸೀಟು ಇವು ಸವೆಯುವ ವಸ್ತುಗಳು. ಇವುಗಳ ಸಾಕ್ಷ್ಯ ದುರ್ಬಲ. ಚೈನಿನ ಹಲ್ಲುಚಕ್ರ, ಹಬ್ಬು, ಫೋರ್ಕು ಮತ್ತು ಫ್ರೇಮು ಬಹುಕಾಲ ಬಾಳುವಂಥವು. ಹಳೆಯ ರ್‍ಯಾಲಿಯ ಹಲ್ಲುಚಕ್ರದೊಳಗೆ ಬಕಪಕ್ಷಿಯ ಆಕಾರವನ್ನೇ ಕೊರೆದಿರುತ್ತಾರೆ, ಬಿ.ಎಸ್.ಎ.ಯಲ್ಲಿ ಆ ಮೂರು ಅಕ್ಷರಗಳನ್ನು. ಹಂಬರ್ ಸೈಕಲ್ಲಿನ ಫೋರ್ಕಿಗೆ ಚಕ್ರದ ಒಂದೊಂದು ಬದಿಗೂ ಎರಡೆರಡು ತೆಳು ಕೊಳವೆಗಳು. ಬಣ್ಣ ಎಷ್ಟು ಸಲ ಬಳಿದರೂ ಇವು ಅಳಿಯುವುದಿಲ್ಲ.

ಹಿಂದಿನ ಚಕ್ರದಲ್ಲಿ ಸ್ಟರ್ಮಿ-ಆರ್ಚರ್ ಕಂಪೆನಿಯ ಮೂರು ಗೇರಿನ ದಪ್ಪ ಹಬ್ಬು ಇದ್ದರೆ ನೀವು ಅದೃಷ್ಟವಂತರು. ಆ ಹಬ್ಬಿನ ಮೈಮೇಲೆಯೇ ತಯಾರಾದ ಕಾಲವನ್ನು ಒತ್ತುತ್ತಿದ್ದರು. ಮಣ್ಣು, ಜಿಡ್ಡು ಒರೆಸಿದಾಗ ೫೨ ಮತ್ತು ೧೧ ಎಂಬ ಅಂಕೆಗಳು ಕಂಡರೆ, ಅದು ೧೯೫೨ರ ನವೆಂಬರಿನ ಹಬ್ಬು. ಆದರೂ ಒಂದು ಎಚ್ಚರ ಬೇಕು. ಅದು ಹಬ್ಬು ಹುಟ್ಟಿದ ತಿಂಗಳು. ಅದನ್ನು ಕೂಡಿಸಿದ ಸೈಕಲ್ಲು ಕೆಲವು ತಿಂಗಳ ಈಚಿನದಿರಬಹುದು, ಹಡಗೇರಿ ಇಲ್ಲಿಗೆ ಬಂದು ಮಾರಾಟವಾದದ್ದು ಇನ್ನೂ ಈಚೆಗೆ.

ಮೂರನೆಯ ಸಾಕ್ಷಿ ಕಾಗದ. ಈ ವಿಷಯದಲ್ಲಿ ದಢೇಸುಗೂರಿನ ಕಡೆಯವರಿಗೆ ಬೇರೆಯವರಿಗಿಲ್ಲದ ಅನುಕೂಲವುಂಟು. ಅಲ್ಲಿ ಹೊಳೆಯೇ ಗಡಿಯಾಗಿತ್ತು. ಈಚೆಯ ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದು ಸಂಸ್ಥಾನದ್ದು. ಆಚೆಯ ಸಿರುಗುಪ್ಪ, ಬಳ್ಳಾರಿಗಳು ಮದರಾಸು ಪ್ರಾಂತದವು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ, ೧೯೫೬ರ ನವೆಂಬರ್ ೧ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಈ ಚರಿತ್ರೆಯೆಲ್ಲ ಒಂದು ಸೈಕಲ್ ರಸೀದಿಯ ಮೇಲೆ ಮೂಡಿರಬಲ್ಲದು.

ರಸೀದಿ ಉರ್ದುವಿನಲ್ಲಿದ್ದು, ಇಸವಿಯ ಜಾಗದಲ್ಲಿ ೧೩೫೩ ಎಂದಿದ್ದರೆ ಬೆಚ್ಚಬೇಡಿ. ಅದು ಫಸಲಿ ವರ್ಷ. ಅದಕ್ಕೆ ೫೯೦ ಕೂಡಿಸಿ. ೧೯೪೩-೪೪ ಎಂದಾಗುತ್ತದೆ. ಬೆಲೆ ಹಾಲಿ ಸಿಕ್ಕಾದಲ್ಲಿದ್ದರೆ ಅದು ನಿಜಾಮರ ನಾಣ್ಯ. ಕಲ್ದಾರಿನಲ್ಲಿದ್ದರೆ ಬ್ರಿಟಿಷ್ ಸರ್ಕಾರದ್ದು. ಹಾಲಿಯ ಏಳು ರೂಪಾಯಿ ಕಲ್ದಾರಿನ ಆರಕ್ಕೆ ಸಮವೆಂಬ ಲೆಕ್ಕ ಹಿರಿಯರಿಗೆ ಬಾಯಿಪಾಠವಾಗಿತ್ತು. ಹೊಳೆಯಾಚೆ ಕೊಂಡು ತಂದದ್ದಾದರೆ ನಿಜಾಮರ ಕರೋಡಗಿರಿ ಇಲಾಖೆಯ ಸುಂಕದ ಚೀಟಿಯೂ ರಸೀದಿಯ ಬೆನ್ನಿಗೆ ಅಂಟಿಕೊಂಡಿದ್ದೀತು. ಇನ್ನು ದರ ಆಣೆ ಪೈಗಳಲ್ಲಿದ್ದರೆ ಸಾಮಾನ್ಯವಾಗಿ ೧೯೫೭ರ ಏಪ್ರಿಲ್‌ಗಿಂತ ಹಿಂದಿನದು. "ನಯಾ ಪೈಸೆ" ಎಂದಿದ್ದರೆ ಅಲ್ಲಿಂದ ೧೯೬೪ರ ನಡುವಿನದು. ಅನೇಕ ಪುರಸಭೆಗಳು ಸೈಕಲ್ಲಿಗೆ ವರ್ಷ ವರ್ಷ ತೆರಿಗೆ ಹಾಕಿ ತಗಡಿನ ಬಿಲ್ಲೆ ಕೊಡುತ್ತಿದ್ದ ಕಾಲವೊಂದಿತ್ತು. ಅಂಥ ಬಿಲ್ಲೆ ಸಿಕ್ಕರೆ ಆ ವರ್ಷ ಸೈಕಲ್ಲು ಬೀದಿಯಲ್ಲಿ ಓಡುತ್ತಿತ್ತೆಂಬುದು ಖಚಿತ. ಹುಟ್ಟಿದ್ದು ಆ ವರ್ಷವೇ ಎಂದು ಮಾತ್ರ ಅದು ಹೇಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೊರೆ ಹೊರುವ ಸೈಕಲ್ಲಿನ ಮಾತು. ಇನ್ನೊಂದು ಜಾತಿಯುಂಟು, ರೇಸಿನದು. ವಿಜಯಪುರ, ಬಾಗಲಕೋಟೆಯ ಕಡೆ ಸೈಕಲ್ ಸ್ಪರ್ಧೆಯ ಒಲವು ಬಹಳ. ರೇಸಿನ ಸೈಕಲ್ಲು ಒಬ್ಬ ಸವಾರನಿಂದ ಇನ್ನೊಬ್ಬನಿಗೆ ದಾಟುತ್ತ ಎಲ್ಲಿಗೆ ಬೇಕಾದರೂ ಹೋಗಬಹುದು. ಬಾಗಿದ ಹ್ಯಾಂಡಲ್ಲಿನ ಹಳೆಯ ಸೈಕಲ್ಲೊಂದನ್ನು ತೋರಿಸಿ "ಇದು ಇಟಲಿಯದು" ಎಂದು ಯಾರಾದರೂ ಬೆಲೆ ಹೇಳಿದರೆ ನೀವೇನು ನೋಡಬೇಕು?

ಮೊದಲು ಚಕ್ರದ ಕಡ್ಡಿಗಳನ್ನು ಎಣಿಸಿ. ಇಂಗ್ಲೆಂಡಿನ ಪದ್ಧತಿಯಲ್ಲಿ ಮುಂದಿನ ಚಕ್ರಕ್ಕೆ ೩೨, ಹಿಂದಿನದಕ್ಕೆ ೪೦. ನಮ್ಮ ದೇಶದ ಸೈಕಲ್ಲುಗಳೂ ಅದನ್ನೇ ಅನುಸರಿಸಿದವು. ಇಟಲಿಯ ಹಳೆಯ ರೇಸ್ ಸೈಕಲ್ಲಿಗೆ ಸಾಮಾನ್ಯವಾಗಿ ಎರಡಕ್ಕೂ ೩೬. ಆಮೇಲೆ ಪೆಡಲಿನ ಅಚ್ಚು ಕೂರುವ ಅಡ್ಡ ಕೊಳವೆಯನ್ನು ಅಳೆಯಿರಿ. ಅದರ ಅಗಲ ಇಟಲಿಯ ಕ್ರಮದಲ್ಲಿ ೭೦ ಮಿಲಿಮೀಟರು, ಇಂಗ್ಲಿಷ್ ಕ್ರಮದ ರೇಸ್ ಸೈಕಲ್ಲಿನಲ್ಲಿ ೬೮. ಅದಕ್ಕಿಂತ ಗಟ್ಟಿ ಸಾಕ್ಷ್ಯ ಕಪ್ಪುಗಳ ಮರೆಯದು. ಇಟಲಿಯದರಲ್ಲಿ ಎರಡೂ ಬದಿಯ ಕಪ್ಪುಗಳು ಬಲಕ್ಕೆ ತಿರುಗಿಸಿದರೆ ಬಿಗಿಯುತ್ತವೆ. ಇಂಗ್ಲಿಷಿನದರಲ್ಲಿ ಚೈನಿನ ಬದಿಯ ಕಪ್ಪು ಉಲ್ಟಾ ಮರೆಯದು. ಇದನ್ನರಿಯದೆ ಪಾನಾ ಹಾಕಿ ಜಗ್ಗಿದರೆ ಮರೆ ಹಾಳಾಗುತ್ತದೆ, ಸಾಕ್ಷ್ಯವೂ ಹೋಗುತ್ತದೆ. ಬಣ್ಣವನ್ನು ಮಾತ್ರ ನಂಬಬೇಡಿ. ಮಿಲಾನಿನಲ್ಲಿ ಎದೋಆರ್ದೊ ಬಿಯಾಂಕಿ ೧೮೮೫ರಲ್ಲಿ ಆರಂಭಿಸಿದ ಕಾರ್ಖಾನೆಯ ಸೈಕಲ್ಲುಗಳಿಗೆ ತಿಳಿ ಹಸಿರು ಬೆರೆತ ಆಕಾಶಬಣ್ಣ ಪ್ರಸಿದ್ಧ. ಫೌಸ್ತೊ ಕೊಪ್ಪಿ ೧೯೪೯ ಮತ್ತು ೧೯೫೨ರಲ್ಲಿ ಫ್ರಾನ್ಸಿನ ಮಹಾಪಂದ್ಯ ಗೆದ್ದದ್ದು ಬಿಯಾಂಕಿ ಸೈಕಲ್ಲಿನ ಮೇಲೆ. ಆದರೆ ಆ ಬಣ್ಣದ ಡಬ್ಬಿ ಯಾರ ಕೈಗೂ ಸಿಗುತ್ತದೆ.

ವಯಸ್ಸಿಗೆ ನೆರವಾಗುವುದು ಕಂಪಾನ್ಯೊಲೊ ಕಂಪೆನಿಯ ಭಾಗಗಳು. ತುಲ್ಲಿಯೊ ಕಂಪಾನ್ಯೊಲೊ ವಿಚೆಂಜಾ ಪಟ್ಟಣದಲ್ಲಿ ೧೯೩೩ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ಅದರ ನುವೊವೊ ರೆಕಾರ್ಡ್ ಎಂಬ ಗೇರು ಬದಲಿಸುವ ಸಾಧನ ೧೯೬೭ರಲ್ಲಿ ಬಂದಿತು. ೧೯೭೦ರ ದಶಕದ ತಯಾರಿಕೆಗಳ ಮೇಲೆ "ಪೇಟೆಂಟ್" ಎಂಬ ಪದದ ಪಕ್ಕದಲ್ಲಿ ೭೨, ೭೫ ಎಂದು ವರ್ಷದ ಅಂಕೆಯೇ ಇರುತ್ತದೆ. ಹಲ್ಲುಚಕ್ರವನ್ನು ಹಿಡಿದ ಐದು ಬೋಲ್ಟುಗಳಲ್ಲಿ ಪಕ್ಕಪಕ್ಕದ ಎರಡರ ನಡುವಣ ದೂರ ಅಳೆಯಿರಿ. ಅದೇ ಕಂಪೆನಿಯ ರೆಕಾರ್ಡ್ ಮಾದರಿಯಲ್ಲಿ ಅದು ಸುಮಾರು ೮೯ ಮಿಲಿಮೀಟರಾದರೆ ೧೯೬೭ಕ್ಕೆ ಹಿಂದಿನ ಕ್ರಮ, ಸುಮಾರು ೮೫ ಆದರೆ ಈಚಿನದು.

ಇವೆಲ್ಲ ಕಳಚಿ ಹಾಕಬಹುದಾದ ಭಾಗಗಳು. ಆದ್ದರಿಂದ ಕೊನೆಯ ಮಾತು ಫ್ರೇಮಿನದು. ಹಿಂದಿನ ಚಕ್ರ ಕೂರುವ ಸಂದಿ ೧೨೦ ಮಿಲಿಮೀಟರಿದ್ದರೆ ಐದು ಹಲ್ಲುಚಕ್ರಗಳ ಕಾಲದ್ದು, ೧೨೬ ಆದರೆ ಆರರ ಕಾಲದ್ದು. ಬ್ರೇಕಿನ ತಂತಿಯನ್ನು ಮೇಲಿನ ಕೊಳವೆಗೆ ಪಟ್ಟಿ ಸುತ್ತಿ ಕಟ್ಟಿದ್ದರೆ ಹಳೆಯ ರೀತಿ. ತಂತಿ ಹಾಯುವ ಕಿವಿಗಳನ್ನು ಫ್ರೇಮಿಗೇ ಬೆಸೆದಿದ್ದರೆ ಬಹುಮಟ್ಟಿಗೆ ೧೯೭೦ರ ದಶಕದ ಕೊನೆ ಅಥವಾ ಈಚೆಗೆ. ಫ್ರೇಮಿನ ಸಂಖ್ಯೆಯಿಂದ ಎಲ್ಲವೂ ತಿಳಿಯುವುದೆಂಬ ನಂಬಿಕೆ ಬಹಳ ಜನರಲ್ಲಿದೆ. ಸಣ್ಣ ಸಣ್ಣ ಕುಶಲಕರ್ಮಿಗಳ ಕೈಯಲ್ಲಿ ಹುಟ್ಟಿದ ಇಟಲಿಯ ಸೈಕಲ್ಲುಗಳಲ್ಲಿ ಅದು ಬಹುತೇಕ ನೆರವಾಗದು. ಅಲ್ಲಿನ ಸಂಖ್ಯೆ ಎಷ್ಟೋ ಬಾರಿ ಫ್ರೇಮಿನ ಅಳತೆಯಷ್ಟೇ.

ಈ ಲೆಕ್ಕಾಚಾರಕ್ಕೆ ಬೆಲೆ ಕೊಡುವವರೂ ಲೋಕದಲ್ಲಿದ್ದಾರೆ. ಇಟಲಿಯ ಗಾಯೊಲೆ ಎಂಬ ಊರಿನಲ್ಲಿ ೧೯೯೭ರಿಂದ ನಡೆದು ಬಂದಿರುವ 'ಎರೊಯ್ಕಾ' ಎಂಬ ಸೈಕಲ್ ಯಾತ್ರೆಗೆ ೧೯೮೭ಕ್ಕಿಂತ ಹಿಂದಿನ ರೇಸ್ ಸೈಕಲ್ಲುಗಳೇ ಆಗಬೇಕೆಂಬುದು ನಿಯಮ. ಅಲ್ಲಿಯೂ ನೋಡುವುದು ಗೇರಿನ ಕಡ್ಡಿ ಎಲ್ಲಿದೆ, ಬ್ರೇಕಿನ ತಂತಿ ಹೇಗೆ ಹಾದಿದೆ ಎಂಬಂಥ ಗುರುತುಗಳನ್ನೇ.

ಕಬ್ಬಿಣದ ಅಟ್ಲಾಸಿಗೂ ಇಟಲಿಯ ಓಟಗಾರನಿಗೂ ತೀರ್ಪಿನ ಸೂತ್ರ ಒಂದೇ. ಒಂದು ಭಾಗದ ಮಾತು ಕೇಳಿ ತೀರ್ಮಾನ ಮಾಡಬಾರದು. ಒಂದೊಂದು ಭಾಗಕ್ಕೂ ಅದರ ಕಾಲವನ್ನು ಬೇರೆ ಬೇರೆ ಬರೆಯಿರಿ. ಮೂರು ನಾಲ್ಕು ಗಟ್ಟಿ ಭಾಗಗಳು ಒಂದೇ ಕಾಲವನ್ನು ಹೇಳಿದರೆ ಅದೇ ಸೈಕಲ್ಲಿನ ಕಾಲ. ಒಂದು ಮಾತ್ರ ಈಚಿನದಾದರೆ ಅದು ದುರಸ್ತಿಯ ಗುರುತು, ದೋಷವಲ್ಲ. ಎಲ್ಲವೂ ಬೇರೆ ಬೇರೆ ಕಾಲ ಹೇಳಿದರೆ, ಅದು ಅಲ್ಲಿಲ್ಲಿ ಸಿಕ್ಕಿದ್ದನ್ನು ಕೂಡಿಸಿದ್ದೆಂದು ತಿಳಿದು ಬೆಲೆ ಇಳಿಸಿ ಕೇಳಿ.

ಇನ್ನೊಂದು ವಿನಂತಿ. ಓದಿ ಮುಗಿಯುವ ತನಕ ಉಪ್ಪುಕಾಗದ ಹಾಕಿ ಉಜ್ಜಬೇಡಿ, ಹೊಸ ಬಣ್ಣ ಬಳಿಸಬೇಡಿ. ಅಕ್ಷರಗಳು ಉಳಿದಿರುವುದು ಆ ಹಳೆಯ ಬಣ್ಣದಲ್ಲಿ. ಆಮೇಲೆ ಒಂದು ಚೀಟಿಯಲ್ಲಿ ಸೈಕಲ್ಲಿನ ಹೆಸರು, ತಯಾರಾದ ಊರು, ನೀವು ಕಂಡುಕೊಂಡ ವರ್ಷ ಮತ್ತು ಅದಕ್ಕೆ ಆಧಾರ ಇಷ್ಟನ್ನು ಬರೆಯಿರಿ. ಅದರ ಕೆಳಗೆ, ಅದನ್ನು ತುಳಿದವರು ಯಾರು, ಯಾವ ದಾರಿಯಲ್ಲಿ, ಏನು ಕೆಲಸಕ್ಕೆ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಸೇರಿಸಿ. ಹಬ್ಬಿನ ಮೇಲಿನ ಅಂಕೆ ಇನ್ನೂ ಐವತ್ತು ವರ್ಷ ಕಾದೀತು, ಹಿರಿಯರ ಮಾತು ಕಾಯಲಾರದು. ಆದ್ದರಿಂದ ಪಾನಾ ಕೈಗೆತ್ತಿಕೊಳ್ಳುವ ಮೊದಲು ಅವರ ಬಳಿ ಕುಳಿತುಕೊಳ್ಳಿ.